ಆಪರೇಷನ್ ಮಾಡಿಸೋದು ಬಿಟ್ಟು ವರ್ಷ ವರ್ಷ ಸ್ಕ್ಯಾನ್ ಯಾಕೆ?

ಕೋಲಾರದಲ್ಲಿ ನಮ್ಮ ಬೀದಿಯವರು, ಮದುವೆ ಮನೆಯಲ್ಲಿ ಸಿಗುವ ನೆಂಟರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಅಮ್ಮನ ಮೆದುಳಿನ ರಕ್ತನಾಳದಲ್ಲಿ 4 ಮಿ.ಮೀ. ಉಬ್ಬು ಇದೆ. ಡಾಕ್ಟರು ಅನ್ಯೂರಿಸಂ ಅಂತಾರೆ. ತಲೆಸುತ್ತು ಅಂತ ಸ್ಕ್ಯಾನ್ ಮಾಡಿಸಿದಾಗ ಸುಮ್ನೆ ಸಿಕ್ಕಿದ್ದು.

ಸೈಕಲ್ ಟ್ಯೂಬ್ ಸವೆದ ಕಡೆ ಗುಳ್ಳೆ ಏಳುತ್ತದಲ್ಲ, ಹಾಗೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 3 ಜನಕ್ಕೆ ಇಂಥದ್ದು ಇರುತ್ತದೆ, ಹೆಚ್ಚಿನವರದು ಒಡೆಯುವುದೇ ಇಲ್ಲ. ಒಡೆದರೆ ಮಾತ್ರ ಜೀವಕ್ಕೇ ಕುತ್ತು ಬರುತ್ತದೆ. ಆದರೆ ತಲೆಬುರುಡೆ ತೆರೆದು ಕ್ಲಿಪ್ ಹಾಕುವುದರಲ್ಲೂ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಕಳಿಸಿ ಉಬ್ಬಿನೊಳಗೆ ಕಾಯಿಲ್ ಅಂದರೆ ತೆಳ್ಳನೆಯ ತಂತಿಯ ಸುರುಳಿ ತುಂಬುವುದರಲ್ಲೂ ಅಪಾಯ ಇದ್ದೇ ಇದೆ. ಉಬ್ಬಿನ ಗಾತ್ರ, ಜಾಗ, ವಯಸ್ಸು, ಬಿಪಿ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ, ಇಷ್ಟೂ ತೂಗಿ ನೋಡಿ ಅಮ್ಮನಿಗೆ ಸದ್ಯಕ್ಕೆ ಕಾಯೋಣ ಅಂದರು.

ಕಾಯುವುದು ಅಂದರೆ ಮರೆತುಬಿಡುವುದಲ್ಲ. ಈ ಉಬ್ಬು ವರ್ಷಕ್ಕಿಷ್ಟು ಅಂತ ಲೆಕ್ಕ ಇಟ್ಟುಕೊಂಡು ಬೆಳೆಯುವುದಿಲ್ಲ. ಎಷ್ಟೋ ವರ್ಷ ಇದ್ದ ಹಾಗೇ ಇದ್ದು, ಆಮೇಲೆ ಕೆಲವೇ ತಿಂಗಳಲ್ಲಿ ದೊಡ್ಡದಾಗಬಹುದು, ಇಲ್ಲವೇ ಅದರ ಪಕ್ಕೆಯಲ್ಲೇ ಇನ್ನೊಂದು ಪುಟ್ಟ ಗುಬುಟು ಏಳಬಹುದು. ಹಾಗೆ ಬೆಳೆದದ್ದು ಒಡೆಯುವ ಸಾಧ್ಯತೆ ಜಾಸ್ತಿ. ಆಗ ಡಾಕ್ಟರು ಹೇಳುವ ಮಾತೂ ಬದಲಾಗುತ್ತದೆ.

ಒಂದು ಸಲ ರಿಪೋರ್ಟಿನಲ್ಲಿ 5 ಮಿ.ಮೀ. ಅಂತ ಬಂತು. ಬೆಂಗಳೂರಿನಿಂದ ಬರುವ ಬಸ್ಸಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಹಳೆಯ ಫಿಲ್ಮ್ ಮನೆಯಲ್ಲೇ ಬಿಟ್ಟು ಹೋಗಿದ್ದೆವು. ಮರುವಾರ ಎರಡನ್ನೂ ಒಯ್ದಾಗ ಡಾಕ್ಟರು ಪಕ್ಕಪಕ್ಕ ಇಟ್ಟು ತಾವೇ ಅಳೆದರು. ಮೊದಲಿನದು ಎಂಆರ್ ಆಂಜಿಯೋ, ಇದು ಸಿಟಿ ಆಂಜಿಯೋ; ಎರಡೂ ರಕ್ತನಾಳ ತೋರಿಸುವ ಸ್ಕ್ಯಾನೇ, ಆದರೆ ಬೇರೆ ಬೇರೆ ಥರದ್ದು. ಅಳತೆ ಹಿಡಿದ ಕೋನವೇ ಬೇರೆ, ಉಬ್ಬು ಇದ್ದಷ್ಟೇ ಇತ್ತು. ಅಂದಿನಿಂದ ಪ್ರತಿ ಸಲ ಒಂದೇ ಥರದ ಸ್ಕ್ಯಾನ್, ಸಾಧ್ಯವಾದರೆ ಒಂದೇ ಕಡೆ. ಫಿಲ್ಮ್, ಸಿಡಿ ಎಲ್ಲ ತಾರೀಖು ಬರೆದು ಬೀರುವಿನೊಳಗೆ, ಸೀರೆಗಳ ಕೆಳಗೆ, ಮಡಿಸದೆ ಇಟ್ಟಿದ್ದೇವೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ದಯವಿಟ್ಟು ರಿಪೋರ್ಟಿನ ಹಾಳೆ ಒಂದನ್ನೇ ಹಿಡಿದು ಹೋಗಬೇಡಿ.

ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಬೀಡಿ ಸಿಗರೇಟು ಸೇದುವವರಾದರೆ ಇವತ್ತೇ ಬಿಡಬೇಕು.

ಇನ್ನೊಂದು ಮಾತನ್ನು ಪಕ್ಕದ ಮನೆ ಅಕ್ಕನಿಗೂ ಹೇಳಿಟ್ಟಿದ್ದೇನೆ. ಯಾವತ್ತೂ ಬಾರದಂಥ ತಲೆನೋವು ಸಿಡಿಲು ಹೊಡೆದ ಹಾಗೆ ಬಂದರೆ, ಇಲ್ಲವೇ ಇದ್ದಕ್ಕಿದ್ದಂತೆ ಒಂದು ರೆಪ್ಪೆ ಜೋತುಬಿದ್ದರೆ, ನಾನು ಬರಲಿ ಅಂತ ಕಾಯಬೇಡಿ ಅಕ್ಕ, ಮೊದಲು 108ಕ್ಕೆ ಫೋನ್ ಮಾಡಿ.