ಕೆಜಿ ಲೆಕ್ಕ ಬಿಟ್ಟು ಮಡಿಕೆ ಲೆಕ್ಕ ಹಿಡಿದ ಮೇಲೆ

ಹುಬ್ಬಳ್ಳಿಯ ತಾರಿಹಾಳ ಇರಲಿ, ಗೋಕುಲ ರೋಡ್ ಇರಲಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಇರಲಿ, ತಗಡು ಕತ್ತರಿಸಿ, ಮಡಿಸಿ, ಬೆಸೆಯುವ ಫ್ಯಾಬ್ರಿಕೇಶನ್ ಶೆಡ್ಡಿಗೆ ಬಂದ ಗಿರಾಕಿ ಡ್ರಾಯಿಂಗ್ ಬಿಚ್ಚುವ ಮೊದಲೇ ಕೇಳುವ ಮಾತು ಒಂದೇ: "ಕೆಜಿಗೆ ಹೆಂಗ್ರೀ?" ನಾವೂ ಒಂದು ರೇಟು ಹೇಳುತ್ತೇವೆ, ಅವರು ಎರಡು ರೂಪಾಯಿ ಇಳಿಸುತ್ತಾರೆ, ಮಾತು ಮುಗಿಯುತ್ತದೆ. ತಗಡಿನ ಕೆಲಸದ ಎಸ್ಟಿಮೇಶನ್ ನೋಡಿಕೊಳ್ಳುವವನಾಗಿ ನಾನು ಹೇಳಬೇಕಾದ್ದು ಇಷ್ಟೇ: ಇನ್ನು ಬರುವ ಕೆಲಸಕ್ಕೆ ಈ ಕೆಜಿ ಲೆಕ್ಕ ಹೊಂದುವುದಿಲ್ಲ. ಇದನ್ನೇ ಹಿಡಿದುಕೊಂಡರೆ ಹುಬ್ಬಳ್ಳಿ-ಧಾರವಾಡದ ಸಣ್ಣ ಶೆಡ್ಡುಗಳು ಕೈತುಂಬ ಕೆಲಸ ಇಟ್ಟುಕೊಂಡೇ ಬಾಗಿಲು ಹಾಕಬೇಕಾಗುತ್ತದೆ.

ಎರಡು ಜಾಬ್ ತೆಗೆದುಕೊಳ್ಳಿ. ಮೊದಲನೆಯದು ಒಂದು ಬೇಸ್ ಪ್ಲೇಟ್: 500 ಮಿ.ಮೀ. ಉದ್ದ, 500 ಅಗಲ, 5 ಮಿ.ಮೀ. ದಪ್ಪ. ಉಕ್ಕಿನ ತಗಡು 1 ಮಿ.ಮೀ. ದಪ್ಪಕ್ಕೆ ಒಂದು ಚದರ ಮೀಟರಿಗೆ 7.85 ಕೆಜಿ ತೂಗುತ್ತದೆ. ಹಾಗಾಗಿ ಪ್ಲೇಟಿನ ತೂಕ 9.8 ಕೆಜಿ. ಲೇಸರ್‌ನಲ್ಲಿ ನಾಲ್ಕು ತೂತು, ಸುತ್ತ ಒಂದು ಕಟ್, ಅಂಚಿನ ಬರ್ (ಕತ್ತರಿಸಿದಾಗ ಏಳುವ ಚೂಪು ಏಣು) ತೆಗೆದರೆ ಮುಗಿಯಿತು.

ಎರಡನೆಯದು ಕಂಟ್ರೋಲ್ ಪ್ಯಾನೆಲ್‌ನ ಬಾಗಿಲು. 1.2 ಮಿ.ಮೀ. ಸಿಆರ್‌ಸಿಎ (ತಣ್ಣಗೆ ಉರುಳಿಸಿ ಹದ ಮಾಡಿದ ಉಕ್ಕು) ಶೀಟು, ಬಿಚ್ಚಿದ ಅಳತೆ 1300 ಕ್ಕೆ 800. ತೂಗಿ ನೋಡಿದರೆ ಇದೂ 9.8 ಕೆಜಿ. ಆದರೆ ಇದಕ್ಕೆ ನಾಲ್ಕೂ ಬದಿಗೆ ಎರಡೆರಡು ಬೆಂಡ್, ಅಂದರೆ ಮಡಿಕೆ: ಮೊದಲು ಹೊರಗಿನ ತುಟಿ, ಆಮೇಲೆ ಫ್ಲ್ಯಾಂಜ್ (ಅಂಚಿನಲ್ಲಿ ಮಡಿಸಿದ ಪಟ್ಟಿ). ನಾಲ್ಕು ಮೂಲೆಗೆ ವೆಲ್ಡಿಂಗ್, ವೆಲ್ಡ್ ಮೇಲೆ ಗ್ರೈಂಡಿಂಗ್, ಬೀಗಕ್ಕೆ ಕಟೌಟ್, ಹಿಂಜಿಗೆ ಸ್ಟಡ್, ಒಳಗೆ ಸ್ಟಿಫ್ನರ್, ಪೌಡರ್ ಕೋಟಿಂಗ್, ಕೊನೆಗೆ ಗ್ಯಾಸ್ಕೆಟ್. ಇಷ್ಟೆಲ್ಲ ಆದಮೇಲೂ ಬಾಗಿಲು ಚಪ್ಪಟೆಯಾಗಿ ಕೂಡಬೇಕು. ಒಂದು ಮೂಲೆ ಎದ್ದರೂ ಗ್ಯಾಸ್ಕೆಟ್ ಒತ್ತುವುದಿಲ್ಲ, ಮಳೆನೀರು ಒಳಗೆ ಹೋಗುತ್ತದೆ.

ತಕ್ಕಡಿಯಲ್ಲಿ ಎರಡೂ ಒಂದೇ. ಎರಡಕ್ಕೂ ಒಂದೇ ರೇಟು ಕಟ್ಟುವುದೆಂದರೆ ಟೇಲರ್‌ಗೆ ಬಟ್ಟೆ ತೂಗಿ ಹೊಲಿಗೆ ಕೂಲಿ ಕೊಟ್ಟಂತೆ.

ಕೆಜಿ ಲೆಕ್ಕ ಹುಟ್ಟಿದ್ದಕ್ಕೆ ಕಾರಣ ಇತ್ತು. ಗೇಟು, ಗ್ರಿಲ್ಲು, ಶೆಡ್ಡಿನ ಟ್ರಸ್ಸು, ಟ್ರ್ಯಾಕ್ಟರ್ ಟ್ರೇಲರ್ ಮಾಡುವಾಗ ಮಾಲಿನ ತೂಕಕ್ಕೂ ಕೂಲಿಗೂ ಅಂದಾಜು ಹೊಂದಾಣಿಕೆ ಇರುತ್ತಿತ್ತು. ಹಾವೇರಿ, ರಾಣೆಬೆನ್ನೂರು ಕಡೆ ಟ್ರೇಲರ್ ಕಟ್ಟುವವರಿಗೆ ಇವತ್ತಿಗೂ ಅದು ನಡೆಯುತ್ತದೆ, ಅದನ್ನು ತಪ್ಪು ಅನ್ನಲಾರೆ. ತೆಳು ತಗಡಿನ ಕೆಲಸಕ್ಕೆ ಅದೇ ತಕ್ಕಡಿ ತಂದಾಗ ಲೆಕ್ಕ ಕೆಡುತ್ತದೆ.

ತಗಡು ಮಾತ್ರ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಲೇ ಇದೆ. 2 ಮಿ.ಮೀ. ದಪ್ಪದ, 2500 ಕ್ಕೆ 1250 ಅಳತೆಯ ಒಂದು ಶೀಟು 49 ಕೆಜಿ. ಅದೇ ಭಾಗವನ್ನು ಹೆಚ್ಚು ಬಲದ ಉಕ್ಕಿನಲ್ಲಿ 1.6 ಮಿ.ಮೀ.ಗೆ ಇಳಿಸಿದರೆ ಶೀಟಿನ ತೂಕ 39 ಕೆಜಿ ಚಿಲ್ಲರೆ. ಅಂದರೆ ಕೆಜಿ ಲೆಕ್ಕದವನ ಬಿಲ್ಲು ಕೂತಲ್ಲೇ ಐದನೇ ಒಂದು ಪಾಲು ಇಳಿಯಿತು. ಕೆಲಸ ಇಳಿಯಿತೇ? ಇಲ್ಲ, ಏರಿತು. ಹೆಚ್ಚು ಬಲದ ಉಕ್ಕು ಬೇಗ ಮಣಿಯುವುದಿಲ್ಲ ನಿಜ, ಆದರೆ ಅದರ ಬಿಗುಪು, ಅಂದರೆ ಒತ್ತಿದಾಗ ಜಗ್ಗದೆ ನಿಲ್ಲುವ ಗುಣ, ಸಾದಾ ಉಕ್ಕಿನಷ್ಟೇ. ಚಪ್ಪಟೆ ತಗಡಿನ ಬಿಗುಪು ದಪ್ಪದ ಘನಕ್ಕೆ ತಕ್ಕಂತೆ ಹೋಗುತ್ತದೆ. 2 ರಿಂದ 1.6 ಕ್ಕೆ ಬಂದಾಗ ಅದು ಸರಿಸುಮಾರು ಅರ್ಧಕ್ಕೆ ಕುಸಿಯುತ್ತದೆ. ಆ ಅರ್ಧವನ್ನು ವಾಪಸ್ ತರುವುದು ಮಡಿಕೆಗಳು: ಅಂಚಿಗೊಂದು ಹೆಚ್ಚಿನ ಫ್ಲ್ಯಾಂಜ್, ನಡುವೆ ಒಂದು ಬೀಡ್ (ಒತ್ತಿ ಎಬ್ಬಿಸಿದ ಏಣು). ತೂಕ ಇಳಿದಷ್ಟೂ ಬೆಂಡು ಹೆಚ್ಚುತ್ತದೆ. ಡಿಸೈನ್ ಮಾಡುವವರು ಬೇಕೆಂದು ಮಾಡಿದ ತೊಂದರೆ ಅಲ್ಲ ಇದು, ಲೋಹದ ಗುಣವೇ ಹಾಗೆ.

ಬೆಂಡಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರಗಿನವರಿಗೆ ಅದು "ಒಂದು ಸ್ಟ್ರೋಕ್" ಅಷ್ಟೇ. ತಗಡು ಮಡಿಸಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಎರಡೂ ಕಡೆಯ ಹೊರ ಅಳತೆ 50 ಮಿ.ಮೀ. ಇರುವ ಒಂದು ಎಲ್ ತುಂಡಿಗೆ 100 ಮಿ.ಮೀ. ಪಟ್ಟಿ ಕತ್ತರಿಸಿದರೆ ಅಳತೆ ಹೆಚ್ಚಾಗುತ್ತದೆ. 2 ಮಿ.ಮೀ. ಸಾದಾ ಉಕ್ಕು, ಕೆಳಗೆ 16 ರ ವಿ-ಡೈ (16 ಮಿ.ಮೀ. ಬಾಯಿಯ ವಿ ಆಕಾರದ ಅಚ್ಚು) ಇದ್ದರೆ ಸುಮಾರು 3.8 ಮಿ.ಮೀ. ಕಳೆಯಬೇಕು, ಪಟ್ಟಿ 96.2 ಇರಬೇಕು. 16 ರ ಡೈ ಬೇರೆ ಜಾಬ್‌ನಲ್ಲಿ ಸಿಕ್ಕಿಕೊಂಡಿದೆ ಎಂದು 12 ರ ಡೈ ಹಾಕಿದರೆ ಒಳಗಿನ ಬಳುಕು (ಮಡಿಕೆಯ ಒಳಮೂಲೆಯ ತ್ರಿಜ್ಯ) ಸಣ್ಣದಾಗಿ ಕಳೆಯುವ ಅಂಕಿ 3.5 ಕ್ಕೆ ಇಳಿಯುತ್ತದೆ. ಒಂದು ಬೆಂಡಿಗೆ ಕಾಲು ಮಿಲಿಮೀಟರು ಏನು ಮಹಾ ಅನಿಸಬಹುದು. ಒಂದೇ ಪಟ್ಟಿಯ ಮೇಲೆ ನಾಲ್ಕು ಬೆಂಡಿದ್ದರೆ ಕೊನೆಯ ತೂತು ಒಂದು ಮಿಲಿಮೀಟರು ಜರುಗಿರುತ್ತದೆ, ಬೋಲ್ಟು ಕೂಡುವುದಿಲ್ಲ. ಆಗ ಶುರುವಾಗುತ್ತದೆ ಸುತ್ತಿಗೆ, ರೌಂಡ್ ಫೈಲು, ಓವರ್‌ಟೈಮ್.

ನಮ್ಮ ಬೆಂಡಿಂಗ್ ಮಷೀನ್ ಮೇಲಿರುವ ಹಿರಿಯರನ್ನು ಶೆಡ್ಡಿನಲ್ಲಿ ಎಲ್ಲರೂ ಕಾಕಾ ಅನ್ನುತ್ತೇವೆ. ಐಟಿಐ ಮುಗಿಸಿ ಬಂದ ಹುಡುಗನೊಬ್ಬ ಪ್ರೋಗ್ರಾಂ ಹಾಕಿ ಪೆಡಲ್ ಮೇಲೆ ಕಾಲಿಡುವಷ್ಟರಲ್ಲಿ ಅವರು ತಡೆದರು. "ತಮ್ಮಾ, ಮಷೀನಿನ ಪರದೆ ಆಮ್ಯಾಗ ನೋಡೂವಂತಿ. ಮೊದ್ಲ ಈ ತುಂಡು ಶೀಟಿನ್ಯಾಗ ಉದ್ದಕ ಬಿದ್ದಿತ್ತೋ ಅಡ್ಡ ಬಿದ್ದಿತ್ತೋ, ಅದನ್ನ ಹೇಳು."

"ಗೊತ್ತಿಲ್ರಿ ಕಾಕಾ, ಎರಡೂ ಒಂದ ಥರಾ ಕಾಣ್ತಾವಲ್ರಿ."

"ಕಾಣ್ತಾವ, ಮಡಿಸಿದ್ರ ಒಂದ ಥರಾ ಇರಾಂಗಿಲ್ಲ. ಉರುಳಿದ ದಿಕ್ಕಿನ ಗುಂಟ ಮಡಿಸಿದ್ರ ಹೊರಗ ಬಿರುಕು ಬಿಡ್ತೈತಿ."

ಉರುಳಿದ ದಿಕ್ಕು ಅಂದರೆ ಉಕ್ಕಿನ ಕಾರ್ಖಾನೆಯಲ್ಲಿ ರೋಲರ್ ನಡುವೆ ಶೀಟು ಹರಿದ ದಿಕ್ಕು. ಆ ಜಾಬ್ ಇ350 ಎಂಬ ಹೆಚ್ಚು ಬಲದ ದರ್ಜೆಯ ಶೀಟಿನದು. ಸಾದಾ ದರ್ಜೆಯ ಇ250 ಗಿಂತ ಅದು ಮಡಿಸಿದ ಮೇಲೆ ಹೆಚ್ಚು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಒಳ ಬಳುಕು ತೀರಾ ಸಣ್ಣದಾದರೆ ಬಿರುಕೂ ಬಿಡುತ್ತದೆ. ಅವತ್ತಿನಿಂದ ನಾವು ನೆಸ್ಟಿಂಗ್ (ಶೀಟಿನ ಮೇಲೆ ತುಂಡುಗಳನ್ನು ಹೊಂದಿಸುವುದು) ಮಾಡುವಾಗಲೇ ಪ್ರತಿ ತುಂಡಿನ ಮೇಲೆ ಲೇಸರ್‌ನಿಂದ ಒಂದು ಸಣ್ಣ ಬಾಣದ ಗುರುತು ಹಾಕುತ್ತಿದ್ದೇವೆ, ಶೀಟಿನ ಉದ್ದ ಯಾವ ಕಡೆ ಇತ್ತು ಎಂದು ತಿಳಿಯಲು. ಖರ್ಚು ಏನೂ ಇಲ್ಲ. ಬರ್ ಇರುವ ಮೈ ಬೆಂಡಿನ ಒಳಗೆ ಬರಬೇಕು ಅನ್ನುವುದೂ ಕಾಕಾರ ಪಾಠವೇ. ಹೊರಗೆ ಬಂದರೆ ಬಿರುಕು ಅಲ್ಲಿಂದಲೇ ಶುರು.

ಇಂಥ ಬುದ್ಧಿಗೆ ಕೆಜಿ ಲೆಕ್ಕದಲ್ಲಿ ಯಾವ ಕಾಲಮ್ಮೂ ಇಲ್ಲ. ಅದಕ್ಕೆ ನಮ್ಮ ಕೊಟೇಶನ್ ಹಾಳೆಯನ್ನೇ ಬದಲಿಸಿದೆವು. ಮಾಲಿನ ದರ ಬೇರೆ, ಕೆಲಸದ ದರ ಬೇರೆ. ಕಟಿಂಗ್‌ಗೆ ಕಟ್ಟಿನ ಉದ್ದ ಮತ್ತು ಪಿಯರ್ಸಿಂಗ್ (ಕಟ್ ಶುರುಮಾಡಲು ಲೇಸರ್ ಚುಚ್ಚುವುದು) ಎಷ್ಟು, ಬೆಂಡಿಂಗ್‌ಗೆ ಸೆಟ್ಟಿಂಗ್ ಎಷ್ಟು ಸಲ ಮತ್ತು ಸ್ಟ್ರೋಕ್ ಎಷ್ಟು, ವೆಲ್ಡಿಂಗ್‌ಗೆ ಉದ್ದ, ಕೋಟಿಂಗ್‌ಗೆ ಎರಡೂ ಮೈಯ ಚದರ ಮೀಟರು. ಹಳೆಯ ಗಿರಾಕಿಯೊಬ್ಬರ ಪರ್ಚೇಸ್ ಸಾಹೇಬರು ನೋಡಿ, "ಇಷ್ಟೆಲ್ಲಾ ಯಾಕ್ರಿ, ಕೆಜಿಗೆ ಒಂದ್ ರೇಟ್ ಹೇಳಿ ಮುಗಸ್ರಿ" ಅಂದರು. ಅವರ ಮುಂದೆ ಬೇಸ್ ಪ್ಲೇಟಿನ ಹಾಳೆ ಮೊದಲು ಇಟ್ಟೆವು. ಅದರ ಬೆಲೆ ಅವರು ಕೊಡುತ್ತಿದ್ದುದಕ್ಕಿಂತ ಕಡಿಮೆ ಬಂದಿತ್ತು. ಆಮೇಲೆ ಬಾಗಿಲಿನ ಹಾಳೆ, ಅದರದು ಹೆಚ್ಚು. ಪ್ಲೇಟಿನಲ್ಲಿ ಹೆಚ್ಚು ತೆಗೆದುಕೊಂಡು ಬಾಗಿಲಿನ ನಷ್ಟ ತುಂಬುತ್ತಿದ್ದೆವು ಎಂದು ಅವರಿಗೂ ಅರ್ಥವಾಯಿತು. ಪ್ಲೇಟುಗಳನ್ನು ಅಗ್ಗದ ಕಡೆ ಒಯ್ದು ಬಾಗಿಲು ಮಾತ್ರ ನಮಗೆ ಬಿಟ್ಟರೆ ನಮ್ಮ ಗತಿ ಏನಾಗುತ್ತಿತ್ತು ಅನ್ನುವುದು ನಮಗೆ ಅರ್ಥವಾಯಿತು.

ಇದಕ್ಕಿಂತ ದೊಡ್ಡ ಫಾಯದೆ ಇನ್ನೊಂದು. ಕೆಜಿ ಲೆಕ್ಕದಲ್ಲಿ ಡಿಸೈನ್ ಸುಧಾರಿಸಿದವನಿಗೇ ನಷ್ಟ. ಒಂದು ಫ್ರೇಮನ್ನು 3 ಮಿ.ಮೀ. ಪಟ್ಟಿ ಬೆಸೆದು ಮಾಡುತ್ತಿದ್ದರು. ವೆಲ್ಡಿಂಗ್ ಶಾಖಕ್ಕೆ ಅದು ಬಾಗಿ, ಆಮೇಲೆ ಸರಿ ಮಾಡುವುದೇ ಒಂದು ದಂಧೆ ಆಗಿತ್ತು. 2 ಮಿ.ಮೀ. ಶೀಟನ್ನೇ ಚಾನೆಲ್ ಆಕಾರಕ್ಕೆ ಮಡಿಸಿದರೆ ಬೆಸುಗೆ ಬಹುಪಾಲು ತಪ್ಪುತ್ತದೆ, ಬಾಗುವುದಿಲ್ಲ, ತೂಕವೂ ಇಳಿಯುತ್ತದೆ. ಮೊದಲಿನ ಪದ್ಧತಿಯಲ್ಲಿ ಈ ಸಲಹೆ ಕೊಡುವುದೆಂದರೆ ನಮ್ಮ ಬಿಲ್ಲನ್ನು ನಾವೇ ಕತ್ತರಿಸಿಕೊಂಡಂತೆ. ಈಗ ಧೈರ್ಯದಿಂದ ಹೇಳುತ್ತೇವೆ. ಗಿರಾಕಿಗೆ ದುಡ್ಡು ಉಳಿಯುತ್ತದೆ, ನಮಗೆ ಮಡಿಕೆಯ ಕೂಲಿ ಸಿಗುತ್ತದೆ.

ಮಾಲು ಮತ್ತು ಕೂಲಿ ಬೇರೆ ಬೇರೆ ಬರೆಯುವುದಕ್ಕೆ ಇನ್ನೊಂದು ಕಾರಣ ಉಕ್ಕಿನ ಬೆಲೆ. 2025 ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಚಪ್ಪಟೆ ಉಕ್ಕಿನ ಆಮದಿನ ಮೇಲೆ 200 ದಿನಗಳಿಗೆ ಶೇ. 12 ರ ತಾತ್ಕಾಲಿಕ ಸುಂಕ ಹಾಕಿತು. ಉಕ್ಕು ಮಾಡುವವರಿಗೆ ಅದು ರಕ್ಷಣೆ, ತಗಡು ಕೊಳ್ಳುವ ನಮಗೆ ಏರಿದ ಬೆಲೆ. ಎಲ್ಲ ಸೇರಿಸಿ ಕೆಜಿಗೆ ಒಂದು ರೇಟು ಒಪ್ಪಿಕೊಂಡವನಿಗೆ ಏರಿಕೆ ಸೀದಾ ಕೂಲಿಯಿಂದಲೇ ಕಡಿತ. ಮಾಲಿನ ಸಾಲು ಬೇರೆ ಇದ್ದರೆ ಆ ಒಂದು ಅಂಕಿಯ ಬಗ್ಗೆ ಮಾತ್ರ ಮಾತಾಡಬಹುದು.

ಮುಂದೆ ಕೆಲಸ ಎಲ್ಲಿಂದ ಬರುತ್ತದೆ? 2006 ರಲ್ಲಿ ಟಾಟಾ ಮೋಟಾರ್ಸ್ ಬ್ರೆಜಿಲ್‌ನ ಮಾರ್ಕೊಪೋಲೊ ಜೊತೆ ಸೇರಿ ಕಟ್ಟಿದ ಕಂಪನಿಯ ಬಸ್ ಬಾಡಿ ಘಟಕ ಧಾರವಾಡಕ್ಕೆ ಬಂದ ಮೇಲೆ ತಗಡಿನ ಕೆಲಸದ ನೋಟವೇ ನಮ್ಮ ಕಡೆ ಬದಲಾಯಿತು. ಟಾಟಾ ಹಿಟಾಚಿಯ ಅಗೆಯುವ ಯಂತ್ರಗಳೂ ಧಾರವಾಡದಲ್ಲೇ ಆಗುತ್ತವೆ. ಈಗ ಬಸ್ಸು ವಿದ್ಯುತ್ತಿಗೆ ಹೊರಳುತ್ತಿದೆ. ಸೈಲೆನ್ಸರ್, ಡೀಸೆಲ್ ಟ್ಯಾಂಕು, ಅವುಗಳ ಬ್ರಾಕೆಟ್ಟು ಮಾಡುವವರು ಇದನ್ನು ಗಮನಿಸಲೇಬೇಕು, ಆ ಭಾಗಗಳು ವಿದ್ಯುತ್ ಬಸ್ಸಿಗೆ ಬೇಡ. ಬದಲಿಗೆ ಬ್ಯಾಟರಿ ಪೆಟ್ಟಿಗೆ ಬೇಕು, ನೀರು ಧೂಳು ಹೊಕ್ಕಬಾರದು. ಬ್ಯಾಟರಿಯ ಭಾರ ಕೂಡಿದ್ದರಿಂದ ಬಾಡಿ ಹಗುರಾಗಬೇಕು, ತೆಳು ಉಕ್ಕು, ಅಲ್ಯೂಮಿನಿಯಂ. ಚಾರ್ಜಿಂಗ್ ಕ್ಯಾಬಿನೆಟ್ಟು, ಸೋಲಾರ್ ಪಂಪಿನ ಕಂಟ್ರೋಲರ್ ಬಾಕ್ಸು, ಹೆಸ್ಕಾಂ ವ್ಯಾಪ್ತಿಯ ವಿತರಣಾ ಪೆಟ್ಟಿಗೆಗಳು, ಗದಗ ಕಡೆಯ ಗಾಳಿ ವಿದ್ಯುತ್ತಿನ ಪ್ಯಾನೆಲ್ಲು, ಜೋಳದ ರೊಟ್ಟಿ ಮಷೀನಿನ ಸ್ಟೇನ್‌ಲೆಸ್ ಕವಚ: ಎಲ್ಲವೂ ಹಗುರ, ಎಲ್ಲಕ್ಕೂ ಮಡಿಕೆ ಹೆಚ್ಚು. ಕೆಲಸ ಬರುತ್ತದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಫೈಬರ್ ಲೇಸರ್ ಒಂದನ್ನೇ ನಂಬಿ ಸಾಲ ಮಾಡುವವರಿಗೆ ಒಂದು ಮಾತು. ಮಷೀನು ಒಳ್ಳೆಯದೇ. ಆದರೆ ದುಡ್ಡು ಇದ್ದವರೆಲ್ಲ ತರಬಹುದಾದ ಮಷೀನಿನ ಕೂಲಿ ಇಳಿಯುತ್ತಲೇ ಹೋಗುತ್ತದೆ. ಲೇಸರ್‌ನಲ್ಲೂ ಬೆಲೆ ಇರುವುದು ತಿಳುವಳಿಕೆಗೆ. ಸಾದಾ ಉಕ್ಕನ್ನು ಆಕ್ಸಿಜನ್ ಹಾಕಿ ಕತ್ತರಿಸಿದರೆ ಅಂಚಿನ ಮೇಲೆ ಕಪ್ಪು ಪೊರೆ ಕೂಡುತ್ತದೆ. ಅದನ್ನು ತೆಗೆಯದೆ ಪೌಡರ್ ಕೋಟಿಂಗ್‌ಗೆ ಕಳಿಸಿದರೆ ಒಲೆಯಿಂದ ಬರುವಾಗ ಚೆಂದ ಕಾಣುತ್ತದೆ, ಸೈಟಿನಲ್ಲಿ ಅಂಚಿನ ಬಣ್ಣ ಪೊರೆಯ ಸಮೇತ ಏಳುತ್ತದೆ. ನೈಟ್ರೋಜನ್‌ನಲ್ಲಿ ಕತ್ತರಿಸಿದರೆ ಆ ಪೊರೆ ಬರುವುದಿಲ್ಲ, ಗ್ಯಾಸಿನ ಖರ್ಚು ಹೆಚ್ಚು. ಯಾವ ಜಾಬಿಗೆ ಯಾವುದು ಅನ್ನುವುದನ್ನು ಕೊಟೇಶನ್ ಹೊತ್ತಿಗೇ ತೀರ್ಮಾನ ಮಾಡಬೇಕು.

ಹುಡುಗರ ಬಗ್ಗೆ ನನಗೆ ನಿಜವಾದ ಕಾಳಜಿ ಇದೆ. ಹುಬ್ಬಳ್ಳಿಯ ಜಿಟಿಟಿಸಿ, ಧಾರವಾಡದ ಎನ್‌ಟಿಟಿಎಫ್‌ನಂಥ ತಾಂತ್ರಿಕ ತರಬೇತಿ ಕೇಂದ್ರಗಳಿಂದ, ನಮ್ಮ ಐಟಿಐಗಳಿಂದ ಚುರುಕಾದವರು ಬರುತ್ತಾರೆ, ಸ್ವಲ್ಪ ಕಲಿತ ಮೇಲೆ ಪೀಣ್ಯಕ್ಕೋ ಪುಣೆಗೋ ಹೋಗುತ್ತಾರೆ. ಅವರನ್ನು ಬೈಯುವುದು ತಪ್ಪು. ಬೆಂಡ್ ಸೆಟ್ಟಿಂಗ್ ಬಲ್ಲವನಿಗೂ ತುಂಡು ಎತ್ತಿಡುವ ಹೆಲ್ಪರ್‌ಗೂ ಸಂಬಳದಲ್ಲಿ ಅಂತರವೇ ಇಲ್ಲದಿದ್ದರೆ ಯಾರು ನಿಲ್ಲುತ್ತಾರೆ? ಬೆಂಡಿನ ಕೂಲಿ ಹಾಳೆಯ ಮೇಲೆ ಪ್ರತ್ಯೇಕ ಕಂಡ ಮೇಲೆಯೇ ಆಪರೇಟರ್‌ನ ಸಂಬಳ ಏರಿಸುವ ಮಾತು ಮಾಲೀಕರ ಜೊತೆ ಅಂಕಿ ಇಟ್ಟು ಆಡಲು ಸಾಧ್ಯವಾಯಿತು. ಬೆರಳಿನ ಸುರಕ್ಷತೆಯೂ ಇದರ ಜೊತೆಗೇ ಬರುತ್ತದೆ. ಕೆಜಿ ಲೆಕ್ಕದಲ್ಲಿ ತುಂಡು ಬೇಗ ಬೀಳಬೇಕು ಎಂದು ಪ್ರೆಸ್ಸಿನ ಎರಡು ಕೈ ಬಟನ್ನಿನಲ್ಲಿ ಒಂದನ್ನು ಕಟ್ಟಿಹಾಕುವ ಕೆಟ್ಟ ರೂಢಿ ಇದೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ, ಮಾಡಲು ಬಿಡಬೇಡಿ.

ಹಣ ವಸೂಲಿ ವಿಷಯ ಚುಟುಕಾಗಿ. ಉದ್ಯಮ್ ನೋಂದಣಿ ಇರುವ ಅತಿಸಣ್ಣ, ಸಣ್ಣ ಘಟಕಕ್ಕೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಬರಬೇಕು. ಆದಾಯ ತೆರಿಗೆ ಕಾನೂನಿನ ಪ್ರಕಾರ ಆ ಗಡುವು ಮೀರಿದ ಬಾಕಿಯನ್ನು ಗಿರಾಕಿ ಕೊಟ್ಟ ವರ್ಷದಲ್ಲಷ್ಟೇ ಖರ್ಚಿಗೆ ಹಾಕಿಕೊಳ್ಳಬಹುದು. ಬಿಲ್ಲಿನ ಮೇಲೆ ಉದ್ಯಮ್ ನಂಬರು ದಪ್ಪ ಅಕ್ಷರದಲ್ಲಿ ಹಾಕಿ.

ಸದ್ಯ ನಾವು ಗೋಡೆಗೆ ಅಂಟಿಸಲು ಬೆಂಡ್ ಚಾರ್ಟ್ ತಯಾರಿಸುತ್ತಿದ್ದೇವೆ: ದಪ್ಪ, ದರ್ಜೆ, ಡೈ, ಕಳೆಯಬೇಕಾದ ಅಂಕಿ, ಬಿಚ್ಚಿಕೊಳ್ಳುವ ಡಿಗ್ರಿ. ಸಾದಾ ಉಕ್ಕಿನದು ಮುಗಿದಿದೆ, ಸ್ಟೇನ್‌ಲೆಸ್ ಅರ್ಧ ಆಗಿದೆ. ಇ350 ರ 1.6 ಮತ್ತು 2 ಮಿ.ಮೀ. ತಗಡನ್ನು ದಿನಾ ಮಡಿಸುವವರು ತಾರಿಹಾಳ, ಬೇಲೂರಿನಲ್ಲಿ ಯಾರಿದ್ದರೂ ನಿಮ್ಮ ಅಳತೆ ಹಂಚಿಕೊಳ್ಳಿ, ನಮ್ಮದನ್ನು ನಾವು ಕೊಡುತ್ತೇವೆ. ಡೈ ಯಾವುದು, ಮಡಿಸಿದ್ದು ಉರುಳಿದ ದಿಕ್ಕಿಗೆ ಅಡ್ಡವೋ ಗುಂಟವೋ ಅನ್ನುವುದನ್ನು ಮಾತ್ರ ಜೊತೆಗೆ ಬರೆಯಿರಿ.