ಕಲ್ಲೂರು ಮೀನಿನ ತಲೆಯೊಳಗಿನ ಕಲ್ಲು

ಕೊಡಗಿನಲ್ಲಿ ನಾವು ಕಳೆದ ಮೂರು ದಿನಗಳಲ್ಲಿ ಮೊದಲೆರಡರ ಬಗ್ಗೆ ಹೇಳುವಂಥದ್ದೇನಿಲ್ಲ. ಅಬ್ಬಿ ಜಲಪಾತದಲ್ಲಿ ನೀರಿಗಿಂತ ಸೆಲ್ಫಿಯವರ ನೂಕುನುಗ್ಗಲು ಜಾಸ್ತಿ, ರಾಜಾಸೀಟಿನಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಮಡಿಕೇರಿಯಲ್ಲಿ ಕೊಂಡ ‘ಹೋಮ್‌ಮೇಡ್ ವೈನ್’ ಕೆಮ್ಮಿನ ಔಷಧಿಯ ಹಾಗಿತ್ತು. ಬರೆಯಲೇಬೇಕು ಅನ್ನಿಸಿದ್ದು ಮೂರನೆಯ ಸಂಜೆ, ಅದೂ ಪೂರ್ತಿ ದುಡ್ಡು ಕಳೆದುಕೊಂಡ ಮೇಲೆ.

ಸಿದ್ದಾಪುರದ ಕಡೆ ಒಂದು ಹೋಮ್‌ಸ್ಟೇಗೆ ಆನ್‌ಲೈನಿನಲ್ಲಿ ಹಣ ಕಟ್ಟಿದ್ದೆ. ಸಂಜೆ ಐದೂವರೆಗೆ ಗೇಟಿನ ಮುಂದೆ ನಿಂತರೆ, ‘ಈ ಹೆಸರೇ ನಮ್ಮ ಪುಸ್ತಕದಲ್ಲಿಲ್ಲ ಸಾರ್’ ಅಂದರು. ಆ ಹಣ ಇವತ್ತಿಗೂ ವಾಪಸ್ ಬಂದಿಲ್ಲ. ಆದ್ದರಿಂದ ಹೋಗುವವರು ಹಿಂದಿನ ದಿನವೇ ಆ ಮನೆಗೇ ಫೋನ್ ಮಾಡಿ ನಿಮ್ಮ ಹೆಸರು ಬರೆದುಕೊಂಡಿದ್ದಾರಾ ಅಂತ ಬಾಯಿಬಿಟ್ಟು ಕೇಳಿ. ಕತ್ತಲಾದ ಮೇಲೆ ಆ ತೋಟದ ದಾರಿಗಳಲ್ಲಿ ಅಲೆಯುವುದು ಬೇಡ, ಆನೆ ಇರುತ್ತವೆ. ನಮ್ಮ ಪುಣ್ಯಕ್ಕೆ ಗೇಟಿನಲ್ಲಿದ್ದ, ತೋಟದ ಲೆಕ್ಕ ಬರೆಯುವ ರೈಟರ್‌ಗೆ ಕನಿಕರ ಹುಟ್ಟಿ ತನಗೆ ಗೊತ್ತಿದ್ದ ಮನೆಯೊಂದಕ್ಕೆ ಕಳಿಸಿದ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಎರಡು ದಿನವಾಗಿತ್ತು. ಬಾಗಿಲಿಗೆ ಕಟ್ಟಿದ್ದ ಹೊಸ ಕದಿರು ಇನ್ನೂ ಬಾಡಿರಲಿಲ್ಲ. ಮನೆಯೊಡತಿ ಅಕ್ಕ ಒಲೆಯ ಮುಂದಿದ್ದರು. ಹಿತ್ತಲ ಕಲ್ಲಿನ ಮೇಲೆ ಅವರ ತಮ್ಮ, ಐವತ್ತರ ಆಸುಪಾಸಿನವರು, ಕೇರಳದ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಬಂದ ಕಡಲ ಮೀನು ಹೆಚ್ಚುತ್ತಿದ್ದರು. ಕಲ್ಲೂರು ಮೀನು. ನೋಡುತ್ತ ನಿಂತ ನನ್ನನ್ನು ಹತ್ತಿರ ಕರೆದು, ತಲೆಯನ್ನು ಸೀಳಿ, ಮಿದುಳಿನ ಅಡಿಗೆ ಕತ್ತಿಯ ತುದಿ ಹಾಕಿ ಎರಡು ಬಿಳಿ ಕಲ್ಲು ಎಬ್ಬಿಸಿ ನನ್ನ ಅಂಗೈಗೆ ಹಾಕಿದರು. ಅವರೆಕಾಳಿಗಿಂತ ಚಪ್ಪಟೆ, ಒಂದು ಬದಿ ನುಣುಪು, ಇನ್ನೊಂದು ಬದಿ ಉಬ್ಬುತಗ್ಗು.

‘ಮೀನಿನ ಕಿವಿಕಲ್ಲು. ಇದೇ ಅದರ ಆಧಾರ್ ಕಾರ್ಡ್. ಮರದ ಹಾಗೆ ಇದರಲ್ಲೂ ಬಳೆ ಬಳೆ ಇರುತ್ತೆ, ವಯಸ್ಸು ಎಣಿಸಬಹುದು.’

ಅವರು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವರು. ಆಮೇಲೆ ಹೊರದೇಶದ ಕಂಪನಿಯೊಂದರ ಮೂಲಕ ಎರಡು ಸೀಸನ್ ಅಂಟಾರ್ಕ್ಟಿಕಾ ಸುತ್ತಲಿನ ಸಮುದ್ರದಲ್ಲಿ, ಮೀನು ಹಿಡಿಯುವ ಹಡಗಿನಲ್ಲೇ ವೈಜ್ಞಾನಿಕ ವೀಕ್ಷಕರಾಗಿದ್ದರಂತೆ. ಮೀನು ಹಿಡಿಯುವವರು ಬೇರೆ, ಅಳೆಯುವವರು ಬೇರೆ. ‘ಊಟ ಒಂದೇ ಟೇಬಲ್ಲಿನಲ್ಲಿ, ಬರೆಯೋದು ಮಾತ್ರ ಅವರಿಗೆ ಹಿಡಿಸದ್ದು’ ಅಂತ ನಕ್ಕರು.

ಅಲ್ಲಿನ ದೊಡ್ಡ ಬೇಟೆ ಟೂತ್‌ಫಿಶ್, ಕಿಲೋಮೀಟರಿಗೂ ಹೆಚ್ಚು ಆಳದಲ್ಲಿರುವ ಮೀನು. ಆಯುಸ್ಸು ಐವತ್ತು ವರ್ಷದವರೆಗೂ ಇರಬಹುದು. ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತು ವರ್ಷ ದಾಟಬೇಕು. ಅಂಥದ್ದನ್ನು ಒಂದು ಸಲ ಬಳಿದು ಹಾಕಿದರೆ ಮತ್ತೆ ತುಂಬುವಷ್ಟರಲ್ಲಿ ನಮ್ಮ ಮಕ್ಕಳಿಗೆ ತಲೆ ನರೆತಿರುತ್ತೆ. ‘ಸಮುದ್ರದಲ್ಲಿ ಎಷ್ಟಿವೆ ಅಂತ ಹೇಗೆ ಗೊತ್ತಾಗುತ್ತೆ?’ ಅಂದೆ. ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ಹಿಡಿದ ಪ್ರತಿ ಟನ್ನಿಗೆ ಒಂದು ಮೀನಿನಂತೆ ಬೆನ್ನಿಗೆ ನಂಬರಿನ ಚೀಟಿ ಚುಚ್ಚಿ ಜೀವಂತ ಬಿಡಬೇಕು. ಈ ಮೀನಿಗೆ ಈಜುಚೀಲ ಇಲ್ಲ, ಹಾಗಾಗಿ ಅಷ್ಟು ಆಳದಿಂದ ಎಳೆದರೂ ಹೊಟ್ಟೆ ಉಬ್ಬಿ ಸಾಯುವುದಿಲ್ಲ. ಮುಂದಿನ ವರ್ಷಗಳಲ್ಲಿ ಸಿಕ್ಕವುಗಳಲ್ಲಿ ಚೀಟಿಯವು ಎಷ್ಟು ಅನ್ನುವುದರ ಮೇಲೆ ಒಟ್ಟು ಲೆಕ್ಕ. ಚೀಟಿ ಮೀನು ಪದೇಪದೇ ಸಿಗುತ್ತಿದ್ದರೆ ಸಮುದ್ರ ಬರಿದಾಗುತ್ತಿದೆ ಅಂತ ಅರ್ಥ.

ನೂರಾರು ಗಾಳ ಕಟ್ಟಿದ ಹಗ್ಗವನ್ನು ನೀರಿಗೆ ಬಿಡುವಾಗ ಆಲ್ಬಟ್ರಾಸ್ ಹಕ್ಕಿಗಳು ಎರೆ ಕಚ್ಚಿ ಮುಳುಗಿ ಸಾಯುತ್ತಿದ್ದವಂತೆ. ಈಗ ಹಗ್ಗಕ್ಕೆ ಭಾರ ಕಟ್ಟಿ ಬೇಗ ಮುಳುಗಿಸುತ್ತಾರೆ, ಹಡಗಿನ ಹಿಂದೆ ಬಣ್ಣದ ಪಟ್ಟಿಗಳನ್ನು ಪಟಪಟ ಹಾರಿಸುತ್ತಾರೆ. ‘ನಮ್ಮ ಗದ್ದೆ ಬೆರ್ಚಪ್ಪನೇ ಹಡಗು ಹತ್ತಿದ್ದು’ ಅಂದರು ಅಕ್ಕ, ಒಲೆಯಿಂದ ತಲೆ ಎತ್ತದೆ.

ಊಟಕ್ಕೆ ಅಕ್ಕಿ ಒಟ್ಟಿ, ಎಳ್ಳು ಪಜ್ಜಿ, ಕಾಚಂಪುಳಿ ಹಾಕಿದ ಕಲ್ಲೂರು ಸಾರು. ಆ ಕಪ್ಪು ಹುಳಿಯ ಮುಂದೆ ನಮ್ಮ ಮೈಸೂರಿನ ಹುಣಸೆ ಸಪ್ಪೆ, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಮಾತು ಕ್ರಿಲ್‌ಗೆ ಹೊರಳಿತು. ಬೆರಳುದ್ದದ, ಸಿಗಡಿಯಂಥ ಜೀವಿ. ತಿಮಿಂಗಿಲ, ಪೆಂಗ್ವಿನ್, ಸೀಲ್ ಎಲ್ಲಕ್ಕೂ ಅದೇ ಅನ್ನ. 2019ರಲ್ಲಿ ಹಲವು ದೇಶದ ಹಡಗುಗಳು ಸೇರಿ ಸಮುದ್ರದೊಳಕ್ಕೆ ಶಬ್ದದ ಅಲೆ ಬಿಟ್ಟು, ಮರಳಿ ಬಂದ ಪ್ರತಿಧ್ವನಿಯಿಂದ ಅಂಟಾರ್ಕ್ಟಿಕಾದ ಅಟ್ಲಾಂಟಿಕ್ ಬದಿಯಲ್ಲಿ ಸುಮಾರು 6 ಕೋಟಿ 26 ಲಕ್ಷ ಟನ್ ಕ್ರಿಲ್ ಇದೆಯೆಂದು ಅಂದಾಜು ಮಾಡಿದರು. ಅಲ್ಲಿ ಹಿಡಿಯಲು ಮಿತಿ ವರ್ಷಕ್ಕೆ 6 ಲಕ್ಷ 20 ಸಾವಿರ ಟನ್. ನನ್ನ ಹೆಂಡತಿ ಬ್ಯಾಂಕಿನವಳು, ಥಟ್ಟನೆ ಹೇಳಿದಳು: ‘ನೂರಕ್ಕೆ ಒಂದು. ಮತ್ತೇನು ಚಿಂತೆ?’

ಅವರು ತಟ್ಟೆ ಸರಿಸಿದರು. ‘ಊರೆಲ್ಲ ಹಲಸಿದೆ. ಆನೆ ಬರೋದು ನಮ್ಮನೆ ಹಿಂದಿನ ಮರಕ್ಕೇ. ಹಾಗೇ ಹಡಗೂ ಕ್ರಿಲ್ ದಟ್ಟವಾಗಿರೋ ಕಡೆಗೇ ನುಗ್ಗುತ್ತೆ. ಮರಿ ಸಾಕೋ ಪೆಂಗ್ವಿನ್ ಗೂಡು ಬಿಟ್ಟು ದೂರ ಹೋಗೋಕಾಗಲ್ಲ, ಅದಕ್ಕೆ ಬೇಕಾದ್ದೂ ಅದೇ ಜಾಗ. ಲೆಕ್ಕ ಸರಿ ಇದೆ ಅಮ್ಮಾ, ಜಾಗ ತಪ್ಪು.’

ಮಿತಿಯನ್ನು ಜಾಗವಾರು ಹಂಚುವ ನಿಯಮವೂ ಇತ್ತಂತೆ. ಆದರೆ ಆ ಸಮುದ್ರದ ಜೀವಿಗಳ ರಕ್ಷಣೆಗೆ 1982ರಿಂದ ಇರುವ, ಭಾರತವೂ ಸದಸ್ಯನಾಗಿರುವ ಆಯೋಗದಲ್ಲಿ ಒಬ್ಬರು ಬೇಡವೆಂದರೂ ತೀರ್ಮಾನವಿಲ್ಲ. 2024ರಲ್ಲಿ ಒಮ್ಮತ ಮುರಿದು ಆ ನಿಯಮ ಬಿದ್ದುಹೋಯಿತು. ಮರುವರ್ಷ, 2025ರ ಆಗಸ್ಟಿನಲ್ಲೇ ಮಿತಿ ಮುಟ್ಟಿ, ಅವಧಿ ಮುಗಿಯುವ ಮೊದಲೇ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಹಿಂದೆಂದೂ ಹಾಗಾಗಿರಲಿಲ್ಲ. ‘ಮೊನ್ನೆ ಡಿಸೆಂಬರ್ 1ಕ್ಕೆ ಹೊಸ ಸೀಸನ್ ಶುರುವಾಗಿದೆ. ನಾವಿಲ್ಲಿ ಪೊಲಿ ಪೊಲಿ ದೇವಾ ಅಂತ ಕದಿರು ತೆಗೆಯೋ ಹೊತ್ತಿಗೆ ಅಲ್ಲಿ ಬಲೆ ಬಿಟ್ಟಾಗಿತ್ತು.’

ಬೆಳಿಗ್ಗೆ ಕಾವೇರಿ ದಂಡೆಗೆ ಕರೆದುಕೊಂಡು ಹೋದರು. ಬಹಳ ಹೊತ್ತು ನೀರು ನೋಡುತ್ತಿದ್ದು, ಆಮೇಲೆ ಹೇಳಿದರು: ‘ಚಿಕ್ಕಂದಿನಲ್ಲಿ ಇಲ್ಲಿ ತೋಟೆ ಸಿಡಿಸಿ ಮೀನು ಹಿಡೀತಿದ್ರು. ದೊಡ್ಡ ಮಹಶೀರ್ ಹೊಟ್ಟೆ ಮೇಲಾಗಿ ತೇಲ್ತಿತ್ತು, ನಾವು ಚಪ್ಪಾಳೆ ತಟ್ತಿದ್ವಿ.’ ಕಾವೇರಿಯ ಆ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ‘ಭೂಮಿ ತುದಿಯ ಮೀನಿಗೆ ಈ ಕೈಯಲ್ಲೇ ಚೀಟಿ ಚುಚ್ಚಿದ್ದೀನಿ. ನಮ್ಮನೆ ಮುಂದಿನ ಹೊಳೇಲಿ ಎಷ್ಟು ಉಳಿದಿವೆ ಅಂತ ಕೇಳಬೇಡಿ.’ ನಾನು ಕೇಳಲಿಲ್ಲ.

ಎರಡು ಕಲ್ಲನ್ನೂ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಮನೆಗೆ ಬಂದು ಒಂದನ್ನು ಮಗಳ ಜೊತೆ ಸಾಣೆಕಲ್ಲಿನ ಮೇಲೆ ಉಜ್ಜಿ, ಭೂತಗನ್ನಡಿ ಹಿಡಿದು ಎಣಿಸಿದೆ. ನನಗೆ ಮೂರು ಬಳೆ ಕಂಡವು, ಅವಳು ಐದು ಅಂತ ಹಟ ಹಿಡಿದಳು. ಫೋನ್ ಮಾಡಿದೆ. ‘ನಮ್ಮ ಬಿಸಿ ಕಡಲಿನ ಮೀನಲ್ಲಿ ಬಳೆ ಅಷ್ಟು ಸ್ಪಷ್ಟ ಇರಲ್ಲ, ಚಳಿ ಸಮುದ್ರದ್ದಾದ್ರೆ ಬೇಸಿಗೆ ಬೇರೆ ಚಳಿಗಾಲ ಬೇರೆ ಕಾಣುತ್ತೆ’ ಅಂದರು. ‘ಇಬ್ಬರ ಲೆಕ್ಕ ಕೂಡದಿದ್ರೆ ಮೂರನೆಯವರು ಎಣಿಸ್ಬೇಕು. ನಿಮ್ಮ ಮನೆಯವರಿಗೆ ಕೊಡಿ, ಬ್ಯಾಂಕಿನವರಲ್ವಾ.’