ಸಪ್ತರ್ಷಿಗಳಿಂದ ಕೃತ್ತಿಕೆಯರವರೆಗೆ: ಹಡಗಿನಲ್ಲೊಂದು ಸುತ್ತು

ಬಾಹ್ಯಾಕಾಶದಲ್ಲಿ ಹಡಗು ಓಡಿಸುವ ಕಂಪ್ಯೂಟರ್ ಆಟ ಎಲೀಟ್ ಡೇಂಜರಸ್ ಆಡುವವರಿಗೆ ದೂರದ ಹುಚ್ಚು ಜಾಸ್ತಿ. ಆಕಾಶಗಂಗೆಯ ನಟ್ಟನಡುವಿನ ಕಪ್ಪುಕುಳಿ ನೋಡಬೇಕು, ಆಮೇಲೆ 65,000 ಜ್ಯೋತಿರ್ವರ್ಷ ಆಚೆಯ ಬೀಗಲ್ ಪಾಯಿಂಟ್ ಮುಟ್ಟಬೇಕು. ನನಗೆ ಮಾತ್ರ ಹತ್ತಿರದ ನಕ್ಷತ್ರ ಗುಚ್ಛಗಳೇ ಇಷ್ಟ. ಟೆರೇಸ್ ಮೇಲೆ ನಿಂತರೆ ಬರಿಗಣ್ಣಿಗೆ ಕಾಣುವವು ಅವು. 2014ರ ಡಿಸೆಂಬರಿನಲ್ಲಿ ಬಂದ ಈ ಆಟದಲ್ಲಿ ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳಿವೆ. ಬಹುಪಾಲು ಕಂಪ್ಯೂಟರ್ ಲೆಕ್ಕ ಹಾಕಿ ಹುಟ್ಟಿಸಿದವು. ಸುಮಾರು ಒಂದೂವರೆ ಲಕ್ಷ ಮಾತ್ರ ನಿಜವಾದ ಖಗೋಳ ಪಟ್ಟಿಗಳಿಂದ ಬಂದವು. ನಾನು ಹೊರಟಿದ್ದು ಅವುಗಳ ಕಡೆಗೆ.

ಹಡಗು ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್. ಬೆಲೆ ಕಡಿಮೆ, ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಜಿಗಿತ ಉದ್ದ. ಫ್ಯೂಯಲ್ ಸ್ಕೂಪ್ ಹಾಕಿಸಿಕೊಂಡರೆ ದಾರಿಯ ನಕ್ಷತ್ರಗಳಿಂದಲೇ ಇಂಧನ ತುಂಬಿಸಿಕೊಳ್ಳಬಹುದು.

ಮೊದಲು ಸಪ್ತರ್ಷಿ ಮಂಡಲ. ಆಟದ ನಕ್ಷೆಯಲ್ಲಿ ಮನುಷ್ಯರಿರುವ ಜಾಗದ ಸುತ್ತಮುತ್ತ ಎಲ್ಲಿ ನೋಡಿದರೂ 'ಕೊಲ್ 285 ಸೆಕ್ಟರ್' ಅನ್ನುವ ಹೆಸರು. ಕೊಲ್ ಅಂದರೆ ಕೊಲಿಂಡರ್, 1931ರಲ್ಲಿ 471 ಗುಚ್ಛಗಳ ಪಟ್ಟಿ ಮಾಡಿದ ಸ್ವೀಡನ್ನಿನ ಖಗೋಳಜ್ಞ. ಅವರ 285ನೆಯದು ಸಪ್ತರ್ಷಿಗಳ ಬಳಗ. ಗುಚ್ಛ ಅಂತ ನೋಡಿದ ಕೂಡಲೇ ಗೊತ್ತಾಗುವುದಿಲ್ಲ, ಅಷ್ಟು ಚದುರಿಹೋಗಿದೆ. ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸಾಗುತ್ತಿರುವುದರಿಂದ ಅವು ಒಟ್ಟಿಗೆ ಹುಟ್ಟಿದವು ಎಂದು ಗೊತ್ತಾಗಿದ್ದು. ನಮ್ಮ ಸೂರ್ಯ ಈ ಗುಂಪಿನ ನಡುವೆಯೇ ಹಾದುಹೋಗುತ್ತಿದ್ದಾನೆ, ಆದರೆ ಅವರ ಪೈಕಿ ಅಲ್ಲ.

ಏಳು ಋಷಿಗಳಲ್ಲೂ ಐವರು ಮಾತ್ರ ಈ ಬಳಗದವರು. ಸುಮಾರು 80 ಜ್ಯೋತಿರ್ವರ್ಷದಲ್ಲಿದ್ದಾರೆ. ಮದುವೆ ದಿನ ಪುರೋಹಿತರು ತೋರಿಸುವ ಅರುಂಧತಿಯೂ ವಸಿಷ್ಠನ ಜೊತೆಗೆ ಇದೇ ಬಳಗಕ್ಕೆ ಸೇರಿದವಳು. ಕ್ರತು, ಮರೀಚಿ ಇಬ್ಬರೂ ಹೊರಗಿನವರು. 120 ಜ್ಯೋತಿರ್ವರ್ಷ ದಾಟಿ ಕ್ರತುವಿನ ಪಕ್ಕ ನಿಂತು ತಿರುಗಿ ನೋಡಿದರೆ ಸೌಟಿನ ಆಕಾರ ಎಲ್ಲೂ ಇಲ್ಲ! ಆಟದಲ್ಲಿ ನಾವಿರುವ ಜಾಗಕ್ಕೆ ತಕ್ಕಂತೆ ಆಕಾಶವೂ ಬದಲಾಗುತ್ತದೆ, ಅದೇ ಮಜಾ. ಅಂಗಿರಸನ ಹತ್ತಿರ ಹೋಗಲು ಮಾತ್ರ ಪರ್ಮಿಟ್ ಬೇಕು. ಋಷಿಗಳ ದರ್ಶನಕ್ಕೂ ಪಾಸ್!

ರೋಹಿಣಿಯದ್ದೂ ಇಂಥದ್ದೇ ಕಥೆ. ಕೆಳಗಿನಿಂದ ಹೈಯಡೀಸ್ ಗುಚ್ಛದ ಒಡತಿಯ ಹಾಗೆ ಕಾಣುತ್ತಾಳೆ. ನಿಜಕ್ಕೂ ಅವಳಿರುವುದು 65 ಜ್ಯೋತಿರ್ವರ್ಷದಲ್ಲಿ, ಗುಚ್ಛ ಇರುವುದು 150ರ ಆಚೆ. ಸೂರ್ಯನ ನಲವತ್ತು ಪಟ್ಟಿಗೂ ಮಿಕ್ಕ ದೈತ್ಯೆ ಅವಳು. ಇಂಧನ ತುಂಬಿಸಿಕೊಂಡು ಮುಂದೆ ಹೋದೆ.

ಕೃತ್ತಿಕಾ ಗುಚ್ಛದಲ್ಲಿ ಮಾತ್ರ ಜಾಸ್ತಿ ಹೊತ್ತು ಉಳಿದೆ. ನೀಲಿ ನಕ್ಷತ್ರಗಳು, ಸುತ್ತ ನೀಲಿ ಮಂಜು. ಆ ಮಂಜು ಅವುಗಳ ಹುಟ್ಟಿನಿಂದ ಉಳಿದದ್ದು ಅಂತ ಹಿಂದೆ ನಂಬಿದ್ದರು. ಅಲ್ಲ, ಗುಚ್ಛ ಈಗ ಹಾದುಹೋಗುತ್ತಿರುವ ಬೇರೆ ಯಾವುದೋ ಧೂಳಿನ ಮೋಡ ಅದು. ಮಾಯಾ ನಕ್ಷತ್ರದ ಪಕ್ಕ ಆಟದವರು ಒಂದು ಕಪ್ಪುಕುಳಿ ಇಟ್ಟಿದ್ದಾರೆ. ನಿಜವಾದ ಆಕಾಶದಲ್ಲಿ ಅಂಥದ್ದು ಯಾರೂ ಕಂಡಿಲ್ಲ. ಕಪ್ಪುಕುಳಿಯ ಅಂಚಿನಲ್ಲಿ ಹಿಂದಿನ ನಕ್ಷತ್ರಗಳು ಬಾಗಿ ಕಾಣುತ್ತವೆ, ಸುಳ್ಳಾದರೂ ಚೆಂದ.

ನನಗೆ ಅದಕ್ಕಿಂತ ವಿಚಿತ್ರ ಅನಿಸಿದ್ದು ದೂರ. ಆಟದಲ್ಲಿ ಮಾಯಾ ಇರುವುದು ಸೂರ್ಯನಿಂದ ಸುಮಾರು 380 ಜ್ಯೋತಿರ್ವರ್ಷದಲ್ಲಿ. ಇವತ್ತಿನ ಲೆಕ್ಕದಲ್ಲಿ ಗುಚ್ಛ ಇರುವುದು ಸುಮಾರು 440ರಲ್ಲಿ. 1989ರಲ್ಲಿ ಹಾರಿದ ಹಿಪಾರ್ಕಸ್ ಉಪಗ್ರಹ ಕೃತ್ತಿಕೆಯರನ್ನು ಹತ್ತಿರಕ್ಕೆ ಅಳೆದಿತ್ತು. ಅದರ ಮೇಲೆ ಖಗೋಳಜ್ಞರ ನಡುವೆ ವರ್ಷಗಟ್ಟಲೆ ಜಗಳವೂ ನಡೆಯಿತು. ಮುಂದೆ ಗಾಯಾ ಉಪಗ್ರಹದ ಅಳತೆ ಹೆಚ್ಚಿನ ದೂರದ ಪರವಾಗಿಯೇ ಬಂತು. ಅಷ್ಟರಲ್ಲಿ ಆಟ ಸಿದ್ಧವಾಗಿತ್ತು. ಹಾಗಾಗಿ ನಾನು ಹಾರಾಡಿದ್ದು ಹಳೆಯ ನಕ್ಷೆಯಲ್ಲಿ. ನಿಜವಾದ ಹಡಗಾಗಿದ್ದರೆ ಇನ್ನೂ 60 ಜ್ಯೋತಿರ್ವರ್ಷ ಬಾಕಿ!

ಕೊನೆಗೆ ಮಹಾವ್ಯಾಧನ (ಓರಿಯನ್) ಸೊಂಟಪಟ್ಟಿಯ ಗುಚ್ಛ, ಕೊಲ್ 70. ಆ ಇಡೀ ಸೆಕ್ಟರಿಗೇ ಬೀಗ. ಯಾವ ನಕ್ಷತ್ರ ಆರಿಸಿದರೂ ಪರ್ಮಿಟ್ ಕೇಳುತ್ತದೆ, ಅದನ್ನು ಪಡೆಯುವ ದಾರಿಯೇ ಇರಲಿಲ್ಲ. ಯಾಕೆ ಅಂತ ಆಟಗಾರರಲ್ಲಿ ತಲೆಗೊಂದು ಊಹೆ.

ವಾಪಸ್ ಬಂದು ಸ್ಕ್ಯಾನ್ ಮಾಡಿದ ಮಾಹಿತಿಯೆಲ್ಲ ಆಟದೊಳಗೇ ಮಾರಿದೆ. ಗುಚ್ಛದ ನೀಲಿ ನಕ್ಷತ್ರಕ್ಕೆ ಬರುವುದು ಪುಡಿಗಾಸು. ದುಡ್ಡು ಬೇಕಿದ್ದರೆ ನೀರಿರುವ ಗ್ರಹ, ಭೂಮಿಯಂಥ ಗ್ರಹ ಹುಡುಕಬೇಕು. ನಕ್ಷತ್ರವನ್ನು ಮೊದಲು ಕಂಡ ಆಟಗಾರರ ಹೆಸರು ತೋರಿಸುವ ಜಾಗದಲ್ಲೂ ಎಲ್ಲ ಕಡೆ ಬೇರೆಯವರೇ. ಅಷ್ಟು ಹತ್ತಿರದಲ್ಲಿ ಇನ್ನೇನು ಉಳಿದಿರುತ್ತೆ ಹೇಳಿ!